ನೀಲಿ ಶಾಯಿಯಲ್ಲಿ ಬರೆದ ಬಾವಿ

ನಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆಂದು ಎಡೆ ಇಡುವಾಗ ಒಂದು ಎಲೆ ಹೆಚ್ಚಿಗೆ ಬೀಳುತ್ತಿತ್ತು. ಅದು ನಮ್ಮ ಕುಲದವರದ್ದಲ್ಲ, ನೆಂಟರದ್ದೂ ಅಲ್ಲ. ಶಿಡ್ಲಘಟ್ಟದ ಹಳೆಯ ನಕ್ಷೆ ಬರೆದ, ಹೆಸರು ಗೊತ್ತಿಲ್ಲದ ಒಬ್ಬ ಸರ್ವೆಯವನದ್ದು. ವರ್ಷವರ್ಷವೂ ಅದಕ್ಕೆ ಬಡಿಸುತ್ತಿದ್ದವಳು ನಾನು. ಆ ಎಲೆ ಅವನಿಗೆ ಸಲ್ಲಬೇಕಾದದ್ದಲ್ಲ ಎಂದು ಇಡೀ ಮನೆಯಲ್ಲಿ ಗೊತ್ತಿದ್ದದ್ದೂ ನನಗೊಬ್ಬಳಿಗೇ.

ಎಂಬತ್ತರ ದಶಕದ ನಡುವಿನ ಮಾತು. ಚಿಕ್ಕಬಳ್ಳಾಪುರದಲ್ಲಿ ಒಂದು ಸಣ್ಣ ನಕ್ಷೆ ಅಂಗಡಿಯಲ್ಲಿ ನಾನು ಟ್ರೇಸರ್ ಆಗಿದ್ದೆ. ಮನೆ ಕಟ್ಟುವವರ ಪ್ಲಾನು, ವಕೀಲರಿಗೆ ಬೇಕಾದ ಜಮೀನಿನ ಸ್ಕೆಚ್ಚು, ಇಂಥವುಗಳ ಮೇಲೆ ಟ್ರೇಸಿಂಗ್ ಕಾಗದ ಹಾಸಿ, ಗೆರೆಯ ಮೇಲೆ ಗೆರೆ ಎಳೆಯುವುದು ನನ್ನ ಕೆಲಸ. ಹಾಗೆ ತೆಗೆದ ಟ್ರೇಸಿಂಗನ್ನು ಮದ್ದು ಹಚ್ಚಿದ ಕಾಗದದ ಮೇಲಿಟ್ಟು ಬೆಳಕು ತೋರಿಸಿ, ಆಮೇಲೆ ಅಮೋನಿಯಾದ ಆವಿ ತುಂಬಿದ ಪೆಟ್ಟಿಗೆಯೊಳಗೆ ಬಿಟ್ಟರೆ ನೇರಳೆ ಬಣ್ಣದ ಗೆರೆಗಳು ಮೂಡುತ್ತಿದ್ದವು. ಕಣ್ಣು ಮೂಗು ಒಟ್ಟಿಗೇ ಸುರಿಯುವಷ್ಟು ವಾಸನೆ. ಮನೆಗೆ ಹೋದರೆ ಅಮ್ಮ, "ಮೊದ್ಲು ಸೀರೆ ಬದಲಾಯ್ಸೇ, ಆಸ್ಪತ್ರೆಯಿಂದ ಬಂದಂಗಿದ್ದೀಯ" ಅನ್ನುತ್ತಿದ್ದಳು. ಆದರೂ ನನಗೆ ಆ ಕೆಲಸದ ಮೇಲೆ ವಿಪರೀತ ಜಂಬ. ನಮ್ಮ ಬೀದಿಯಲ್ಲಿ ನಕ್ಷೆಯ ಗೆರೆ ಎಳೆಯುವ ರೂಲಿಂಗ್ ಪೆನ್ ಹಿಡಿಯಲು ಬರುವ ಹೆಣ್ಣು ನಾನೊಬ್ಬಳೇ ಎಂದು ನಡೆಯುವ ನಡಿಗೆಯಲ್ಲೇ ತೋರಿಸುತ್ತಿದ್ದೆ.

ಅಂಗಡಿಯ ಯಜಮಾನರಿಗೆ ವಯಸ್ಸಾಗಿತ್ತು, ಕಣ್ಣಿಗೆ ಪೊರೆ ಬರುತ್ತಿತ್ತು. ತಮಗೆ ಈ ವಿದ್ಯೆ ಕಲಿಸಿದ ಗುರುಗಳಿಂದ ಅವರಿಗೆ ನಾಲ್ಕು ಹಳೆಯ ಊರ ನಕ್ಷೆಗಳು ಬಂದಿದ್ದವು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಹಿಂದೆ ಬಟ್ಟೆ ಅಂಟಿಸಿದ, ಮಡಿಕೆಯಲ್ಲಿ ಸೀಳಿದ, ನಮ್ಮ ಅಪ್ಪ ಹುಟ್ಟುವುದಕ್ಕೂ ಮುಂಚಿನ ನಕ್ಷೆಗಳು. ಅವನ್ನು ಟ್ರೇಸ್ ಮಾಡಿ ಪ್ರಿಂಟ್ ಹಾಕಿದರೆ ಜನ ಕೊಳ್ಳುತ್ತಾರೆ ಎಂದು ಅವರಿಗೆ ಹೊಳೆಯಿತು. ಯಾರು ಕೊಳ್ಳುತ್ತಾರೆ ಎಂದು ನಾನು ನಕ್ಕಿದ್ದೆ. ಆದರೆ ಕೊಂಡರು. ಚಿಂತಾಮಣಿಯ ಮೇಷ್ಟ್ರೊಬ್ಬರು ತಮ್ಮ ತಾತ ಕಟ್ಟಿಸಿದ ಕಟ್ಟೆಯನ್ನು ಹುಡುಕಿಕೊಂಡು ಮೇಜಿನ ಮುಂದೆಯೇ ಕಣ್ಣು ಒರೆಸಿಕೊಂಡರು. ಗೌರಿಬಿದನೂರಿನ ಹೆಂಗಸೊಬ್ಬರು ಹೊಳೆಯ ದಡದ ಒಂದು ಚೌಕದ ಮೇಲೆ ಬೆರಳಿಟ್ಟು, "ಇದೇ ನಮ್ಮಮ್ಮ ಹುಟ್ಟಿದ ಮನೆ" ಎಂದು ಐದು ನಿಮಿಷ ಬೆರಳು ತೆಗೆಯಲಿಲ್ಲ.

ಉಳಿದ ಮೂರು ಊರುಗಳನ್ನು ಕಣ್ಣು ಇನ್ನೂ ಚೆನ್ನಾಗಿದ್ದಾಗ ಯಜಮಾನರೇ ಟ್ರೇಸ್ ಮಾಡಿದ್ದರು. ಶಿಡ್ಲಘಟ್ಟವನ್ನು ನಾನು ಕೇಳಿ ಪಡೆದೆ, ಅದು ನಮ್ಮ ಊರು ಎಂಬ ಕಾರಣಕ್ಕೆ. ನಮ್ಮ ತಾತನ ಕಾಲಕ್ಕೆ ನಮ್ಮವರು ಅಲ್ಲಿದ್ದವರು. ಮನೆ ಮಾರಿ ಚಿಕ್ಕಬಳ್ಳಾಪುರಕ್ಕೆ ಬಂದಾಗ ಅಪ್ಪ ಇನ್ನೂ ಹುಡುಗ.

ಕೊಡುವಾಗ ಯಜಮಾನರು ಒಂದೇ ಒಂದು ಮಾತು ಹೇಳಿದ್ದರು. "ಬಾವಿ ಎಲ್ಲ ಕಪ್ಪಲ್ಲೇ ಬರೀಬೇಕಮ್ಮ. ಹಳೇದ್ರಲ್ಲಿ ನೀಲಿ ಇದೆ ಅಂತ ನೀಲೀಲಿ ಬರೀಬೇಡ." ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲದವಳಂತೆ ಕಾಣುತ್ತೇನಲ್ಲ.

ಹದಿನೈದು ದಿನ ಆ ನಕ್ಷೆಯ ಮೇಲೆ ಬಗ್ಗಿ ಕೂತೆ. ಒಂದೊಂದು ಗಲ್ಲಿ, ಗುಡಿ, ಮಸೀದಿ, ಹುಣಸೆಮರ. ಹಳೆಯ ನಕ್ಷೆಯಲ್ಲಿ ಬಾವಿಗಳು ಪುಟ್ಟ ನೀಲಿ ಬಳೆಗಳ ಹಾಗಿದ್ದವು. ಬರೆದವನು ಎಷ್ಟು ಪ್ರೀತಿಯಿಂದ ಬರೆದಿದ್ದನೆಂದರೆ ಅವನ್ನು ಕಪ್ಪು ಮಾಡಲು ನನಗೆ ಮನಸ್ಸು ಬರಲಿಲ್ಲ. ಪ್ರಿಂಟಿನಲ್ಲಿ ಎಲ್ಲವೂ ನೇರಳೆಯೇ ಆದರೂ, ನನ್ನ ಟ್ರೇಸಿಂಗಿನಲ್ಲಾದರೂ ನಮ್ಮ ಊರು ಚೆನ್ನಾಗಿ ಕಾಣಲಿ ಎಂದು ನೀಲಿ ಶಾಯಿಯ ಬಾಟಲು ತೆಗೆದು, ಒಂದೂ ಬಿಡದೆ ಎಲ್ಲ ಬಾವಿಗಳನ್ನೂ ನೀಲಿಯಲ್ಲೇ ಬರೆದೆ. ಯಜಮಾನರು ಟ್ರೇಸಿಂಗನ್ನು ಕಣ್ಣಿನ ಹತ್ತಿರ ಹಿಡಿದು, "ಗೆರೆ ಚೆನ್ನಾಗಿದೆ" ಅಂದರು. ಬಣ್ಣ ಅವರಿಗೆ ಕಂಡಿತೋ ಇಲ್ಲವೋ. ಹೆತ್ತವರಿಗೆ ಹೆಗ್ಗಣ ಮುದ್ದು, ನಾನು ಉಬ್ಬಿಹೋದೆ. ಮೊದಲ ಪ್ರಿಂಟನ್ನು ಸುರುಳಿ ಸುತ್ತಿ ನೇರ ಮನೆಗೆ ತಂದೆ, ಅತ್ತೆಗೆ ತೋರಿಸಲು.

ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದವಳು. ನನ್ನನ್ನು ಎತ್ತಿ ಆಡಿಸಿದವಳು. ಅವಳ ಬಾಯಲ್ಲಿ ಶಿಡ್ಲಘಟ್ಟದ ಬಾವಿಯೊಂದು ಸದಾ ಇರುತ್ತಿತ್ತು. ಹದಿನೆಂಟನೇ ವಯಸ್ಸಿಗೆ ಹೆರಿಗೆಗೆಂದು ತವರಿಗೆ, ಆ ಶಿಡ್ಲಘಟ್ಟದ ಮನೆಗೆ ಬಂದಿದ್ದಳು. ಹೆಣ್ಣು ಮಗು. ಹನ್ನೊಂದನೇ ದಿನ ಪುರುಡು ಕಳೆದ ಮೇಲೆ ಬಾಣಂತಿ ಬಾವಿಗೆ ಅರಿಸಿನ ಕುಂಕುಮ ಇಟ್ಟು, ಗಂಗೆ ಪೂಜೆ ಮಾಡಿ, ಒಂದು ಚೊಂಬು ನೀರು ಸೇದಿಕೊಂಡು ಒಳಗೆ ಬರಬೇಕು. ಅಲ್ಲಿಗೆ ಅವಳು ತಾಯಿಯಾದಳು ಎಂದು ನಾಲ್ಕು ಜನ ಒಪ್ಪಿದ ಹಾಗೆ. ಅತ್ತೆಯ ಮಗು ಒಂಬತ್ತನೇ ದಿನ ಹೋಯಿತು. ಮಗುವೇ ಇಲ್ಲದ ಮೇಲೆ ಗಂಗೆ ಪೂಜೆ ಯಾಕೆ ಎಂದು ಹಿರಿಯರು ಅರಿಸಿನದ ಬಟ್ಟಲನ್ನು ಎತ್ತಿಟ್ಟರಂತೆ. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ. ಸಾಯುವುದರೊಳಗೆ ಒಂದು ಸಲ ಆ ಬಾವಿಗೆ ಪೂಜೆ ಮಾಡಬೇಕು ಎನ್ನುವುದೊಂದೇ ಅವಳ ಆಸೆ. "ಒಂದ್ಸಲ ಕರ್ಕೊಂಡ್ ಹೋಗೇ" ಎಂದು ನಾನು ಕೆಲಸಕ್ಕೆ ಸೇರಿದಾಗಿನಿಂದ ಕೇಳುತ್ತಿದ್ದಳು. ಬಸ್ಸಿನಲ್ಲಿ ಒಂದು ಗಂಟೆಯೂ ಆಗದ ದಾರಿ. ನಾನು ಆ ಭಾನುವಾರ, ಈ ಭಾನುವಾರ ಎಂದು ಮುಂದೆ ಹಾಕುತ್ತಿದ್ದೆ. ಅವಳ ಬಾವಿಯ ಕಥೆ ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು, ನಿಜ ಹೇಳಬೇಕೆಂದರೆ.

ಭಾನುವಾರ ಮಧ್ಯಾಹ್ನ ನಡುಮನೆಯಲ್ಲಿ ನಕ್ಷೆ ಹಾಸಿದೆ. ನಾಲ್ಕು ಮೂಲೆಗೆ ಸೇರು, ಪಾವು, ಅಪ್ಪನ ಇಸ್ತ್ರಿಪೆಟ್ಟಿಗೆ, ಅತ್ತೆಯ ಎಲೆಅಡಿಕೆ ಕುಟ್ಟಾಣಿ. ಅತ್ತೆಗೆ ಓದು ಬರದು. ಅವಳು ನಕ್ಷೆಯನ್ನು ಓದಲಿಲ್ಲ, ನಡೆದಳು. "ಪೇಟೆಯಿಂದ ಬಾ. ಗುಡಿ ಬಲಕ್ಕೆ ಬಿಡು. ಇಲ್ಲಿ ಬಳೆಗಾರ್ರ ಮನೆ. ಈ ಸಂದಿ ತಿರುಗು. ಎಡಕ್ಕೆ ಮೂರನೇದು ನಮ್ಮನೆ." ಅವಳ ಬೆರಳು ಒಂದು ಚೌಕದ ಮೇಲೆ ನಿಂತಿತು. ನನಗೆ ಮೈ ಜುಂ ಎಂದಿತು, ಯಾಕೆಂದರೆ ಆ ಸಂದಿ, ಆ ಗುಡಿ, ಎಲ್ಲ ಅವಳು ಹೇಳಿದಲ್ಲೇ ಇದ್ದವು. ಆಮೇಲೆ ಬೆರಳು ಇನ್ನೊಂದಿಷ್ಟು ಮುಂದೆ ಹೋಗಿ ಬರಿಯ ಜಾಗದಲ್ಲಿ ನಿಂತಿತು.

"ಇಲ್ಲಿ ಬಾವಿ."

"ಅಲ್ಲೇನೂ ಇಲ್ಲ ಅತ್ತೆ."

"ಇದೆ ಕಣೇ. ಮನೆ ಮುಂದ್ಲೇ. ಸರಿಯಾಗಿ ನೋಡು."

ನೋಡಿದೆ. ಇರಲಿಲ್ಲ. ನಾನೇ ಬರೆದ ನಕ್ಷೆಯಲ್ಲಿ ಅಲ್ಲೊಂದು ನೀಲಿ ಬಳೆ ಬರೆದಿದ್ದೆನೋ ಇಲ್ಲವೋ ಎಂದು ಒಂದು ಕ್ಷಣವಾದರೂ ನೆನಪು ಮಾಡಿಕೊಳ್ಳಬಹುದಿತ್ತು. ಮಾಡಿಕೊಳ್ಳಲಿಲ್ಲ. ಸಾವಿರ ಗೆರೆ ಎಳೆದವಳಿಗೆ ಯಾವ ಗೆರೆ ಎಲ್ಲಿತ್ತು ಎಂದು ನೆನಪಿರುವುದಿಲ್ಲ ಎನ್ನುವುದು ಒಂದು ನೆಪ. ನಿಜವಾದ ಕಾರಣ, ನನಗೆ ಗೆಲ್ಲಬೇಕಿತ್ತು. "ಅತ್ತೆ, ಇಲ್ಲಿ ಹುಣಸೆಮರ ಸಮೇತ ಹಾಕಿದ್ದಾರೆ. ಮರ ಬರ್ದೋರು ಬಾವಿ ಬಿಡ್ತಾರಾ? ಬಾವಿ ಬೇರೆ ಎಲ್ಲೋ ಇದ್ದಿರ್ಬೇಕು, ಇಲ್ಲಾ ಯಾರ್ದೋ ಕಥೆ ನಿಂದು ಅನ್ಕೊಂಡಿದ್ದೀಯ."

ಅವಳು ಅಪ್ಪನ ಮುಖ ನೋಡಿದಳು. ಅಪ್ಪನಿಗೆ ಆ ಹೆರಿಗೆಯ ಹೊತ್ತಿಗೆ ಐದೋ ಆರೋ ವರ್ಷವಂತೆ. "ನಂಗೇನೂ ನೆನಪಿಲ್ಲ ಅಕ್ಕ. ಸರ್ವೆ ಮಾಡಿ ಬರ್ದಿರೋದಲ್ವಾ, ಸುಳ್ಳಿರುತ್ತಾ?" ಅಂದರು. ಅತ್ತೆ ಇನ್ನೊಂದು ಸಲ ಬೆರಳಿನಿಂದ ಪೇಟೆಯಿಂದ ನಡೆದು ಬಂದಳು. ಮತ್ತೆ ಅದೇ ಬರಿಯ ಜಾಗ. ಕುಟ್ಟಾಣಿ ಎತ್ತಿಕೊಂಡು ಒಳಗೆ ಹೋದಳು. ಮೂಲೆ ಸುರುಳಿ ಸುತ್ತಿಕೊಂಡಿತು. ಇನ್ನು ಶಿಡ್ಲಘಟ್ಟಕ್ಕೆ ಕರೆದುಕೊಂಡು ಹೋಗುವ ತಾಪತ್ರಯ ತಪ್ಪಿತು ಎಂದು ನನಗೆ ಅನ್ನಿಸಿದ್ದು ಹೌದು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಅನ್ನಿಸಿತು.

ಅತ್ತೆ ಬಾವಿಯ ಮಾತು ನಿಲ್ಲಿಸಿದಳು. ಮೊದಮೊದಲು ಮನೆಯೇ ಹಗುರವಾದಂತಿತ್ತು. ಅವರೆಕಾಯಿ ಕಾಲ ಬಂತು. ಒಂದು ಬೆಳಿಗ್ಗೆ ನಾವಿಬ್ಬರೂ ಬಿಸಿಲಿನಲ್ಲಿ ಕೂತು ನೆನೆಸಿದ ಅವರೆಕಾಳನ್ನು ಹಿತುಕುತ್ತಿದ್ದೆವು. ತಲೆ ಎತ್ತದೆ ಅವಳು ಕೇಳಿದಳು:

"ಅಲ್ವೇ, ಬಾವೀನೇ ಇರ್ಲಿಲ್ಲ ಅಂದ್ರೆ, ಮಗೂನೂ ಇರ್ಲಿಲ್ವೇನೋ?"

ನನಗೆ ಅರ್ಥವಾಗಲಿಲ್ಲ. ಅವಳು ಕಾಳು ಹಿತುಕುತ್ತಲೇ ಇದ್ದಳು. "ನಮ್ಮಮ್ಮ ಇಲ್ಲ, ಅಪ್ಪ ಇಲ್ಲ, ಅವ್ರೂ ಹೋದ್ರು. ಮಗೂನ ನೋಡಿದ್ದೋರು ಯಾರಿದ್ದಾರೆ ಈಗ? ಹೆಸರೂ ಇಟ್ಟಿರ್ಲಿಲ್ಲ. ಆ ಬಾವಿ ಒಂದಿತ್ತು, ಅದೂ ಇಲ್ಲ ಅಂತ ಕಾಗದದಲ್ಲೇ ಬಂತು. ನಾನೇ ಏನೋ ನೆನೆಸ್ಕೊಂಡಿರ್ಬೇಕು. ಪೋನೀಲೇ." ಹೋಗಲಿ ಬಿಡು ಎಂದು ತೆಲುಗಿನಲ್ಲಿ ಅಂದುಕೊಳ್ಳುವುದು ಅವಳ ಅಭ್ಯಾಸ. ಆಮೇಲೆ ಸಿಪ್ಪೆಯನ್ನು ಮೊರಕ್ಕೆ ತುಂಬಿಕೊಂಡು ಎದ್ದು ಹೋದಳು. ನನ್ನ ಕೈಯಲ್ಲಿದ್ದ ಕಾಳು ಹಾಗೇ ಉಳಿಯಿತು. ಆಗಲೂ ನನಗೆ ನನ್ನ ತಪ್ಪು ಗೊತ್ತಿರಲಿಲ್ಲ. ಆದರೆ ಒಬ್ಬ ಮುದುಕಿಯ ಜೊತೆ ನಕ್ಷೆ ಹಿಡಿದು ವಾದ ಮಾಡಬಾರದಿತ್ತು ಎನ್ನುವಷ್ಟು ಗೊತ್ತಾಯಿತು.

ಅದಾಗಿ ಕೆಲವು ತಿಂಗಳಿಗೆ ಶಿಡ್ಲಘಟ್ಟದಿಂದ ರೇಷ್ಮೆ ವ್ಯಾಪಾರದ ಸಾಹೇಬರೊಬ್ಬರು ಅಂಗಡಿಗೆ ಬಂದರು. ಬಿಳಿ ಗಡ್ಡ, ನಿಧಾನದ ಮಾತು. ಹಿಂದಿನ ವಾರ ಕೊಂಡಿದ್ದ ಪ್ರಿಂಟನ್ನು ಮೇಜಿನ ಮೇಲೆ ಬಿಡಿಸಿದರು.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಎಲ್ಲಾ ಚೆನ್ನಾಗಿದೆ, ನಮ್ಮ ದಾದಾ, ಅಂದ್ರೆ ತಾತ, ಅವರ ಅಂಗಡೀನೂ ಸಿಕ್ತು. ಆದ್ರೆ ಇಷ್ಟು ದೊಡ್ಡ ಊರಲ್ಲಿ ಒಂದು ಬಾವೀನೂ ಇಲ್ವಲ್ಲ. ನಮ್ಮ ಹಿರಿಯರು ಏನು ಕುಡೀತಿದ್ರಮ್ಮಾ?"

ಅವರು ನಗುತ್ತಲೇ ಕೇಳಿದರು. ಎದ್ದು ಹೋಗಿ ನಕ್ಷೆ ಸುತ್ತಿಡುವ ಕೊಳವೆಯಿಂದ ನನ್ನ ಟ್ರೇಸಿಂಗ್ ತೆಗೆದೆ. ಬಾವಿಗಳೆಲ್ಲ ಇದ್ದವು. ಸಾಲುಸಾಲು ನೀಲಿ ಬಳೆಗಳು. ಬಳೆಗಾರರ ಮನೆ ದಾಟಿ, ಸಂದಿ ತಿರುಗಿ, ಎಡಕ್ಕೆ ಮೂರನೇ ಮನೆಯ ಮುಂದೆಯೂ ಒಂದು. ನನ್ನ ಕೈಯ ಗೆರೆಯೇ. ಒಳಗೆ ಕೂತಿದ್ದ ಯಜಮಾನರನ್ನು ಆಗ ಹೋಗಿ ಕೇಳಿದೆ, ನೀಲಿಯಲ್ಲಿ ಯಾಕೆ ಬರೆಯಬಾರದು ಎಂದು. "ಗೆರೆ ಬೆಳಕು ತಡೆದ್ರೇನೇ ಮೂಡೋದು. ಆ ನೀಲಿಯೊಳಗೆ ಬೆಳಕು ದಾಟಿಬಿಡುತ್ತಲ್ಲಮ್ಮ, ಪ್ರಿಂಟಲ್ಲಿ ಏನೂ ಮೂಡಲ್ಲ. ಯಾಕೆ, ಎಲ್ಲಾದ್ರೂ ನೀಲಿ ಹಾಕಿದ್ಯಾ?" ಅಂದರು. "ಇಲ್ಲ, ಸುಮ್ನೆ ಕೇಳ್ದೆ" ಅಂದೆ. ಅದು ಮೊದಲನೇ ಸುಳ್ಳು.

ಸಾಹೇಬರಿಗೆ ಆ ಮೂರನೇ ಮನೆಯ ಮುಂದಿನ ಬಾವಿ ಗೊತ್ತಿತ್ತು. "ಇನ್ನೂ ಇದೆಯಮ್ಮ. ಸುತ್ತ ಜಾಗ ಎಲ್ಲ ಸೇರಿಸಿ ರೇಷ್ಮೆ ನೂಲು ಬಿಚ್ಚೋ ಶೆಡ್ಡು ಕಟ್ಟಿದ್ದಾರೆ, ಬಾವಿ ಅದರ ಹಿತ್ತಲಲ್ಲಿದೆ. ಬನ್ನಿ, ತೋರಿಸ್ತೀನಿ." ಮಾರನೆಯ ದಿನ ಬಾವಿಗಳನ್ನೆಲ್ಲ ಕಪ್ಪಿನಲ್ಲಿ ತಿದ್ದಿ, ಅವರಿಗೆ ಹೊಸ ಪ್ರಿಂಟ್ ಕೊಟ್ಟೆ. "ಹಾಂ, ಈಗ ಊರಿಗೆ ನೀರು ಬಂತು" ಎಂದು ಸಂತೋಷಪಟ್ಟು ಹೋದರು.

ಅತ್ತೆಗೆ ಹೇಳಬೇಕಲ್ಲ. ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ಜೋಡಿಸಿಕೊಂಡು ಹೋದೆ. ತಪ್ಪು ನಂದು ಎಂದು ಶುರುಮಾಡಬೇಕು ಎಂದೇ ಇದ್ದದ್ದು. ಅವಳು ತುಳಸಿಕಟ್ಟೆಯ ಹತ್ತಿರ ಕೂತಿದ್ದಳು. ನನ್ನ ಬಾಯಿಂದ ಬಂದದ್ದು ಬೇರೆ.

"ಅತ್ತೆ, ಬಾವಿ ಇದೆಯಂತೆ. ನೀನು ಹೇಳಿದ ಕಡೆಗೇ ಇದೆ. ಆ ಹಳೇ ನಕ್ಷೆ ಬರ್ದೋನು ಬಿಟ್ಟುಬಿಟ್ಟಿದ್ದಾನೆ, ಅಷ್ಟೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬಿಸಿಲಲ್ಲಿ ಅಳತೆಯ ಸರಪಳಿ ಎಳೆದು, ಒಂದೊಂದು ಬಾವಿಯನ್ನೂ ನೀಲಿ ಬಳೆ ಮಾಡಿ ಕೂರಿಸಿದ್ದ ಆ ಮನುಷ್ಯನ ಮೇಲೆ ನಾನು ಗೂಬೆ ಕೂರಿಸಿದೆ. ಸತ್ತವನು ಬಂದು ಅಲ್ಲ ಎನ್ನುತ್ತಾನೆಯೇ.

ಅತ್ತೆ ಮೊದಲು ಅತ್ತಳು. ಆಮೇಲೆ ಬೈದಳು. ನಾನು ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಅಂಥ ಮಾತು ಕೇಳಿರಲಿಲ್ಲ. "ಅವನ ಕೈ ಸೇದೋಗ! ಅವನಿಗೂ ಹೆಂಡ್ರು ಮಕ್ಳು ಇರ್ಲಿಲ್ವಾ? ಒಂದು ಸೊನ್ನೆ ಸುತ್ತಕ್ಕೆ ಅವನ ಗಂಟೇನು ಹೋಗ್ತಿತ್ತು? ನನ್ನ ಮಗೂನೇ ಇಲ್ಲ ಅನ್ನಿಸ್ಬಿಟ್ನಲ್ಲ!" ಅಮ್ಮ ಒಳಗಿನಿಂದ ಓಡಿ ಬಂದಳು. ನಾನು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದೆ.

ಆ ಭಾನುವಾರವೇ ಹೊರಟೆವು. ಅತ್ತೆ ಹಿತ್ತಾಳೆಯ ಚೊಂಬು, ಅರಿಸಿನ, ಕುಂಕುಮ, ವೀಳ್ಯದೆಲೆ, ಬಾಳೆಹಣ್ಣು ಎಲ್ಲ ಕಟ್ಟಿಕೊಂಡಳು. ಗಂಡನಿಲ್ಲದವಳು ಬಾವಿಗೆ ಕುಂಕುಮ ಇಡಬಹುದೇ ಎಂದು ಅಮ್ಮ ಹಿಂಜರಿದಾಗ, "ಬಾಣಂತಿ ಆಗಿದ್ದಾಗ ನಾನು ಮುತ್ತೈದೆ ಕಣಮ್ಮ" ಎಂದುಬಿಟ್ಟಳು.

ಸಾಹೇಬರು ಬಸ್‌ಸ್ಟ್ಯಾಂಡಿನಲ್ಲೇ ಕಾದಿದ್ದರು. ಶೆಡ್ಡಿನೊಳಗೆ ಗೂಡು ಬೇಯಿಸುವ ಬಾಣಲೆಗಳು, ಬೆಂದ ಹುಳದ ವಾಸನೆ, ನೆಲವೆಲ್ಲ ಒದ್ದೆ. ಕೈ ಬೆರಳೆಲ್ಲ ಬಿಳುಚಿಕೊಂಡ ಹೆಂಗಸರು ತಿರುಗಿ ನೋಡಿದರು. ಹಿತ್ತಲಲ್ಲಿ ಬಾವಿ. ಅರ್ಧಕ್ಕೆ ಕಲ್ಲುಚಪ್ಪಡಿ ಎಳೆದಿದ್ದರು. ಹಗ್ಗ ಉಜ್ಜಿ ಸವೆದ ಕಲ್ಲಿನ ಗೀರುಗಳ ಮೇಲೆ ಅತ್ತೆ ಕೈಯಾಡಿಸಿದಳು. ಆಮೇಲೆ ಯಾರನ್ನೂ ಕೇಳದೆ ಕೂತು, ಕಲ್ಲು ತೊಳೆದು, ಅರಿಸಿನ ಹಚ್ಚತೊಡಗಿದಳು.

ಶೆಡ್ಡಿನ ಒಬ್ಬ ಹೆಂಗಸು, ತಲೆಯ ಮೇಲೆ ದುಪಟ್ಟಾ ಎಳೆದುಕೊಳ್ಳುತ್ತ ಹತ್ತಿರ ಬಂದು ಕೇಳಿದಳು, "ಯಾರಿಗಮ್ಮಾ ಹೆರಿಗೆ ಆಗಿರೋದು?"

"ನನಗೇ ಕಣಮ್ಮ. ಹೆಣ್ಣು ಮಗು" ಅಂದಳು ಅತ್ತೆ.

ಆ ಹೆಂಗಸು ನಗಲಿಲ್ಲ. ಅತ್ತೆಯ ನರೆತ ತಲೆಯನ್ನು ಒಂದು ಗಳಿಗೆ ನೋಡಿದಳು, ಆಮೇಲೆ ಹಗ್ಗ ಬಿಂದಿಗೆ ತಂದು ತಾನೇ ನೀರು ಸೇದಿ ಅತ್ತೆಯ ಚೊಂಬಿಗೆ ಸುರಿದಳು. ನಾನು ನೀರು ಸೇದಲು ಮುಂದೆ ಹೋಗಿರಲಿಲ್ಲ. ಧೈರ್ಯ ಬಂದಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಚೊಂಬನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಬಾಯಿಗೆ ಅಂಗೈ ಮುಚ್ಚಿ ಕೂತಿದ್ದಳು, ನೀರು ತುಳುಕಬಾರದೆಂದು. ಅರ್ಧ ದಾರಿಯಲ್ಲಿ ಅಂದಳು, "ಆ ನಕ್ಷೆಯೋನಿಗೆ ಬಾಯಿಗೆ ಬಂದಂಗೆ ಅಂದ್ಬಿಟ್ಟೆ ಕಣೇ. ಪಾಪ, ಬಿಸಿಲಲ್ಲಿ ಎಷ್ಟು ತಿರುಗಿದ್ನೋ. ಒಂದು ಮರೆತ. ಮನುಷ್ಯ ಅಂದ್ಮೇಲೆ ಮರೆಯಲ್ವಾ?"

ಅದಕ್ಕಿಂತ ಒಳ್ಳೆಯ ಸಮಯ ನನಗೆ ಸಿಗುವುದಿರಲಿಲ್ಲ. ಅವಳು ಅಷ್ಟು ಶಾಂತವಾಗಿದ್ದಳು, "ಬಾವಿ ಬಿಟ್ಟೋಳು ನಾನೇ, ಅತ್ತೆ" ಎಂದಿದ್ದರೆ ತಲೆಗೊಂದು ಮೊಟಕಿ ಸುಮ್ಮನಾಗುತ್ತಿದ್ದಳೇನೋ. ನಾನು ಕಿಟಕಿಯಾಚೆ ಹಿಪ್ಪುನೇರಳೆ ತೋಟಗಳನ್ನು ನೋಡುತ್ತ ಕೂತೆ. ಅವಳ ಕಣ್ಣಲ್ಲಿ ನಾನು ಅವಳ ಬಾವಿ ಹುಡುಕಿಕೊಟ್ಟವಳು. ಆ ಹೆಸರನ್ನು ಬಿಟ್ಟುಕೊಡಲು ನನ್ನ ಆಸೆ ಬಿಡಲಿಲ್ಲ.

ಆ ವರ್ಷದ ಮಹಾಲಯ ಅಮಾವಾಸ್ಯೆಯ ದಿನ ಅತ್ತೆ ಒಂದು ಎಲೆ ಹೆಚ್ಚಿಗೆ ಹಾಕಿಸಿದಳು. ಯಾರಿಗೆ ಎಂದು ಅಮ್ಮ ಕೇಳಿದಳು. "ಆ ಸರ್ವೆಯೋನಿಗೆ. ನನ್ನ ಶಾಪ ಅವನಿಗೆ ತಟ್ಟಬಾರ್ದು. ಹೆಸರು ಗೊತ್ತಿಲ್ದಿದ್ರೆ ಏನಾಯ್ತು, ನನ್ನ ಮಗೂಗೂ ಹೆಸರಿರ್ಲಿಲ್ಲ." ನನ್ನ ಕಡೆ ತಿರುಗಿ, "ನೀನೇ ಬಡ್ಸೇ, ಅವನ ಕೆಲಸ ಕಲ್ತಿರೋಳು ನೀನು. ಮಜ್ಜಿಗೆ ಜಾಸ್ತಿ ಇಡು, ಬಿಸಿಲಲ್ಲಿ ತಿರುಗಿದ ಜೀವ" ಅಂದಳು. ಬಡಿಸಿದೆ. ಪೂಜೆಯಾದ ಮೇಲೆ ಎಲೆಗಳ ಮುಂದೆ ಮನೆಯವರೇ ಕೂತು ಊಟ ಮಾಡುವುದು ನಮ್ಮ ರೂಢಿ. ಆ ಎಲೆಯ ಮುಂದೆ ಮಾತ್ರ ನಾನು ಯಾವತ್ತೂ ಕೂರಲಿಲ್ಲ. ಅಪ್ಪನನ್ನೋ ಬೇರೆ ಯಾರನ್ನೋ ಕೂರಿಸಿಬಿಡುತ್ತಿದ್ದೆ. ಮದುವೆಯಾಗಿ ಎರಡು ಬೀದಿ ಆಚೆಗೆ ಹೋದ ಮೇಲೂ ಆ ದಿನ ತವರಿಗೆ ಬರಬೇಕಿತ್ತು, ಬಡಿಸಬೇಕಿತ್ತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು. ವರ್ಷಕ್ಕೊಂದು ಸಲ, ಈ ಸಲ ಹೇಳಿಬಿಡುತ್ತೇನೆ ಎಂದುಕೊಂಡೇ ಮನೆಯಿಂದ ಹೊರಡುತ್ತಿದ್ದೆ. ಹೋದರೆ ಅವಳು ನಗುನಗುತ್ತ ಬಾಗಿಲಲ್ಲೇ ನಿಂತಿರುತ್ತಿದ್ದಳು.

ಅತ್ತೆ ತೊಂಬತ್ತರ ದಶಕದ ಕೊನೆಯಲ್ಲಿ, ಒಂದು ಬೇಸಿಗೆಯಲ್ಲಿ ತೀರಿಕೊಂಡಳು. ಆ ವರ್ಷದ ಅಮಾವಾಸ್ಯೆಗೆ ಅವಳಿಗೂ ಒಂದು ಎಲೆ ಬಿತ್ತು. ಅಮ್ಮ ಅದರ ಪಕ್ಕದಲ್ಲೇ ಸರ್ವೆಯವನ ಎಲೆಯನ್ನೂ ಹಾಕಿದಳು. "ಬಿಟ್ರೆ ನಿಮ್ಮತ್ತೆ ಕೇಳ್ತಾರೆ" ಅಂದಳು. ನಾನು ಎಲ್ಲ ಬಡಿಸಿದೆ. ಮಜ್ಜಿಗೆ ಜಾಸ್ತಿ ಇಟ್ಟೆ. ಅಪ್ಪ ಹೊರಗೆ ಕಾಗೆಗೆ ಅನ್ನ ಇಡಲು ಹೋಗಿದ್ದರು. ಅತ್ತೆಯ ಎಲೆಯ ಮುಂದೆ ಕೂತು, ಕೊನೆಗೂ ಹೇಳಿದೆ.

"ಅತ್ತೆ, ಬಾವಿ ಬಿಟ್ಟಿದ್ದು ಅವನಲ್ಲ. ನಾನು. ಅವನು ಬರ್ದಿದ್ದ. ನಾನು ನೀಲಿ ಹಾಕಿ ಅಳಿಸ್ಬಿಟ್ಟೆ."

ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದದ್ದನ್ನು ನಾನು ನೋಡಿರಲಿಲ್ಲ. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಹತ್ತಿರ ಬಂದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅವ್ರು ಇದ್ದಾಗ ಹೇಳ್ಬಾರ್ದಿತ್ತೇನೇ? ಇಷ್ಟು ವರ್ಷ ಅವನಿಗೆ ಕೈಮುಗಿದ್ರಲ್ಲ, ನೀನು ಹೇಳಿದ್ದಿದ್ರೆ ನಿನ್ನನ್ನೇ ಎದುರಿಗೆ ಕೂರಿಸ್ಕೊಂಡು ಹೊಟ್ಟೆ ತುಂಬ ಬಡಿಸ್ತಿದ್ರು."

ಅಪ್ಪ ಒಳಗೆ ಬಂದು ಎಲ್ಲರೂ ಕೂರಿ ಅಂದಾಗ, ಸರ್ವೆಯವನ ಎಲೆಯ ಮುಂದೆ ನಾನೇ ಹೋಗಿ ಕೂತೆ. ಅಮ್ಮ ಬಂದು ಇನ್ನೊಂದು ಸೌಟು ಮಜ್ಜಿಗೆ ಹಾಕಿದಳು.